ಆ ಹಾಡಿನ ಮೊದಲ ಸದ್ದು

ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ಈಗ ಹೊಸದಾಗಿ ಮಿಷನ್ ಮೆಕ್ಯಾನಿಕ್ ಕೆಲಸಕ್ಕೆ ಸೇರುವವರು ನನ್ನನ್ನು ಟೀ ಅಂಗಡಿಯಲ್ಲಿ ಕಂಡರೆ ಪಕ್ಕದಲ್ಲಿ ಕೂಡಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ. "ಆ ಹಾಡಿನ್ಯಾಗ ಮೊದ್ಲು ಮಿಷನ್ ಸದ್ದು ಬರ್ತದಲ್ರಿ, ಅದು ನಿಮ್ಮ ಮಿಷನ್ನೇ ಅಂತ, ಖರೇ ಏನ್ರಿ?" ಖರೇ ಅನ್ನುತ್ತೇನೆ. ಅವರ ಮುಖ ಅರಳುತ್ತದೆ. ಮೂವತ್ತೈದು ವರ್ಷ ಉಗುರಿನ ಸಂದಿಯಲ್ಲಿ ಎಣ್ಣೆ ಇಟ್ಟುಕೊಂಡು ನಾನು ರಿಪೇರಿ ಮಾಡಿದ ಮಿಷನ್ನುಗಳ ಬಗ್ಗೆ ಒಬ್ಬನೂ ಕೇಳುವುದಿಲ್ಲ. ಎಲ್ಲರೂ ಕೇಳುವುದು ನಾನು ರಿಪೇರಿ ಮಾಡದೆ ಬಿಟ್ಟ ಒಂದೇ ಒಂದು ಮಿಷನ್ನಿನ ಬಗ್ಗೆ.

ಹಾಡು ಕೇಳದವರಿಗೆ ಹೇಳಿಬಿಡುತ್ತೇನೆ. ಅದು ಇಂಗ್ಲಿಷ್ ಹಾಡು. ಬೆಂಗಳೂರಿನ ನಾಲ್ವರು ಹುಡುಗರ ತಂಡದ್ದು. ಗಿಟಾರು ಗುಡುಗುತ್ತದೆ, ಹಾಡುವವನು ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ನನ್ನ ಹೆಂಡತಿಗೆ ಅದು ತಗಡಿನ ಚಾವಣಿ ಮೇಲೆ ಜಲ್ಲಿ ಸುರಿದ ಹಾಗೆ ಕೇಳಿಸುತ್ತದೆ. ಒಂದು ಕಾಲದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲುಗಳಲ್ಲಿ ಅದೇ ಹಾಡಂತೆ. ಅಂದು ಕುಣಿದವರ ತಲೆ ಈಗ ನರೆತಿದೆ, ಅವರು ಅದನ್ನು ಕ್ಲಾಸಿಕ್ ಅನ್ನುತ್ತಾರೆ. ಅದು ಶುರುವಾಗುವುದು ಹೊಲಿಗೆ ಮಿಷನ್ನಿನ ಸದ್ದಿನಿಂದ. ಗರ್ರ್, ಗರ್ರ್, ಟಕ್. ಗರ್ರ್, ಗರ್ರ್, ಟಕ್. ಸ್ವಲ್ಪ ಹೊತ್ತು ಹೀಗೆ ಹೋಗಿ ಆ ಸದ್ದು ನಿಂತುಬಿಡುತ್ತದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಡ್ರಮ್ಮು ಅಪ್ಪಳಿಸುತ್ತದೆ. ಕಾರ್ಯಕ್ರಮಗಳ ವೀಡಿಯೊದಲ್ಲಿ ನೋಡಿದ್ದೇನೆ, ಆ ಒಂದು ಉಸಿರಿನ ಮೌನದಲ್ಲಿ ಸಾವಿರ ಜನ ಕೈ ಮೇಲೆತ್ತಿಕೊಂಡು ಕಾಯುತ್ತಾರೆ.

ಅದರ ಹಿನ್ನೆಲೆ ಹೇಳಬೇಕಾದರೆ ಮೊದಲು ನಮ್ಮ ಕೆಲಸ ಏನು ಅಂತ ಹೇಳಬೇಕು. ಈಗ ಸೇರುತ್ತಿರುವವರು ಇದನ್ನು ಓದುತ್ತಿದ್ದರೆ ಅವಸರ ಮಾಡಬೇಡಿ. ಅವಸರದವರಿಗೆ ಈ ಕೆಲಸ ಒಗ್ಗುವುದಿಲ್ಲ.

ನಾನು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದವನು. ಊರಲ್ಲಿ ಜೀನ್ಸ್ ಹೊಲಿಗೆ ಹಬ್ಬುತ್ತಿದ್ದ ಕಾಲ. ಓಣಿಗೊಂದು ಶೆಡ್ಡು ಎದ್ದು, ಶೆಡ್ಡಿಗೆ ಇಪ್ಪತ್ತು ಮಿಷನ್ನು ಬಂದು, ಅವುಗಳನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಸ್ಪ್ಯಾನರ್ ಹಿಡಿಯಲು ಬರುತ್ತದೆ ಅನ್ನುವ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಖಾದರ್ ಸಾಬರ ಕೈಕೆಳಗೆ ಹಾಕಿದರು. ಸಾಬರು ನಮ್ಮ ಯೂನಿಟ್ಟಿನ ಹೆಡ್ ಮೆಕ್ಯಾನಿಕ್ಕು. ಕುಳ್ಳಗೆ, ದಪ್ಪ ಕನ್ನಡಕ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಣ್ಣೆ ಕೆಲಸ ಮಾಡುವವನ ಅಂಗಿಯ ಮೇಲೆ ಒಂದು ಚುಕ್ಕೆ ಕಂಡರೂ ಅವನಿಗೆ ಕೆಲಸ ಬರುವುದಿಲ್ಲ ಅಂತಲೇ ಅವರ ತೀರ್ಮಾನ. ನನ್ನ ಅಂಗಿ ನೋಡಿ ಮೊದಲ ದಿನವೇ ತಲೆ ಆಡಿಸಿಬಿಟ್ಟರು.

ಸಾಬರು ಮಿಷನ್ನಿನ ರೋಗವನ್ನು ಕಿವಿಯಲ್ಲಿ ಹಿಡಿಯುತ್ತಿದ್ದರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮಿಷನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೇರಿಂಗ್ ಒಣಗಿದ್ದರೆ ಒಂದು ಸದ್ದು, ಬೆಲ್ಟ್ ಸಡಿಲಾದರೆ ಇನ್ನೊಂದು, ಸೂಜಿ ಹಿಡಿಯುವ ಕಡ್ಡಿ ಸವೆದರೆ ಮತ್ತೊಂದು. ನನಗೆ ಆರು ತಿಂಗಳು ಅದೆಲ್ಲ ಒಂದೇ ಗಿರಣಿ ಗಲಾಟೆ. "ಕಿವಿ ಹಚ್ಚಲೇ, ಬಾಯಿ ಹಚ್ಚಬ್ಯಾಡ" ಅಂತ ಬೈಸಿಕೊಂಡೇ ಕಲಿತೆ. ಕಲಿತ ಮೇಲೆ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಕೂತರೆ ಇಂಜಿನ್ನಿಗೆ ಕಿವಿ, ಮನೆಯಲ್ಲಿ ಕೂತರೆ ಫ್ಯಾನಿಗೆ ಕಿವಿ. ಮಾತಾಡಿದ್ದು ಮಾತ್ರ ಕೇಳಿಸುವುದಿಲ್ಲ ಅಂತ ಹೆಂಡತಿ ಇವತ್ತಿಗೂ ದೂರುತ್ತಾಳೆ.

ತಪ್ಪುಗಳೂ ಬೇಕಾದಷ್ಟು ಮಾಡಿದೆ. ಸೇರಿದ ಹೊಸದರಲ್ಲಿ, ಮಿಷನ್ನು ಮೆತ್ತಗೆ ಓಡಲಿ ಅಂತ ಒಂದು ಸಾಲಿಗೆಲ್ಲ ಕೈಬಿಚ್ಚಿ ಎಣ್ಣೆ ಹಾಕಿದ್ದೆ. ಮಾರನೆಯ ಬೆಳಗ್ಗೆ ಹೊಲಿದ ಪ್ಯಾಂಟುಗಳ ತೊಡೆಯ ಮೇಲೆಲ್ಲ ಅಂಗೈ ಅಗಲದ ಕಲೆ. ಸೂಪರ್‌ವೈಸರು ತೆಲುಗಿನಲ್ಲಿ ಶುರು ಮಾಡಿದವರು ಉಸಿರು ಬಿಡದೆ ಬೈದರು. ಸಾಬರು ಬೈಯಲಿಲ್ಲ. ಸೋಪಿನ ಪುಡಿ, ಬ್ರಷ್ಷು ಕೊಟ್ಟು ಒಂದೊಂದೇ ಪ್ಯಾಂಟನ್ನು ನನ್ನ ಕೈಯಲ್ಲೇ ತಿಕ್ಕಿಸಿದರು. ಎರಡು ದಿನ ತಿಕ್ಕಿದೆ. ಆಮೇಲೆ ನಾನು ಎಣ್ಣೆಯನ್ನು ಔಷಧಿಯ ಹಾಗೆ ತೊಟ್ಟು ತೊಟ್ಟಾಗಿ ಹಾಕುತ್ತಿದ್ದೆ.

ಸಾಬರು ಎರಡು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು.

ಒಂದು ಕೆಂಪು ಬಟ್ಟೆ. ಮಿಷನ್ನು ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ಅದರ ದಾರದ ಸ್ಟ್ಯಾಂಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಬೇಕು. ಕಟ್ಟಿದ ಮೇಲೆ ಆ ಮಿಷನ್ನಿನ ಮುಂದೆ ಯಾರೂ ಕೂಡುವ ಹಾಗಿಲ್ಲ, ಯೂನಿಟ್ಟಿನ ಮಾಲೀಕರೇ ಬಂದು ಹೇಳಿದರೂ ಇಲ್ಲ. ಯಾರು ಕಟ್ಟಿದರೋ ಅವರೇ, ರಿಪೇರಿ ಮುಗಿಸಿ, ಚೂರು ಬಟ್ಟೆ ಹೊಲಿದು ನೋಡಿ, ತಮ್ಮ ಕೈಯಿಂದ ಬಿಚ್ಚಬೇಕು. ಓದು ಬರದ ಹೆಂಗಸರಿಗೂ ಅದು ತಿಳಿಯುತ್ತಿತ್ತು. ಬಟ್ಟೆ ಇದ್ದರೆ ಕೂಡಬಾರದು, ಇಲ್ಲದಿದ್ದರೆ ಕೂಡಬಹುದು. ಸಾಬರ ಜೇಬಿನಲ್ಲಿ ಯಾವಾಗಲೂ ನಾಲ್ಕೈದು ಚೂರು ಇರುತ್ತಿದ್ದವು, ಆಮೇಲೆ ನನ್ನ ಜೇಬಿನಲ್ಲೂ ಇದ್ದವು.

ಇನ್ನೊಂದು ಸೂಜಿ ಪುಸ್ತಕ. ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಅಯಸ್ಕಾಂತ ಹಿಡಿದು ಹುಡುಕಿ, ಪುಸ್ತಕದ ಹಾಳೆಗೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಯಾವ ಮಿಷನ್ನು, ಯಾರು ಕೂತಿದ್ದರು, ಯಾಕೆ ಮುರಿಯಿತು ಅಂತ ಬರೆಯಬೇಕು. ಒಂದು ಚೂರು ಸಿಗದಿದ್ದರೂ ಕಟ್ಟು ಕಟ್ಟು ಪ್ಯಾಂಟುಗಳನ್ನು ಮತ್ತೆ ತಡಕಾಡಬೇಕು, ಯಾರದೋ ಮಕ್ಕಳ ತೊಡೆಗೆ ಚುಚ್ಚಬಾರದಲ್ಲ. ಈಗಲೂ ನೀವು ಹಾಗೆಯೇ ಮಾಡುತ್ತೀರಿ ಅಂತ ಕೇಳಿ ಸಂತೋಷವಾಯಿತು.

ಇನ್ನು ಹನುಮಕ್ಕನ ಮಾತು. ಆ ವರ್ಷಗಳಲ್ಲಿ ಬೊಮ್ಮನಹಾಳ್, ಬೆಳುಗುಪ್ಪ ಕಡೆಯಿಂದ ಬಸ್ಸು ತುಂಬಿ ಹೊಲಿಗೆಗೆ ಬರುತ್ತಿದ್ದರು. ಹನುಮಕ್ಕ ಬಂದಿದ್ದು ಇನ್ನೂ ದೂರದಿಂದ, ಮಡಕಶಿರಾ ದಾಟಿ ಗುಡಿಬಂಡೆ ಹತ್ತಿರದ ಹಳ್ಳಿಯಿಂದ. ಅವಳ ಗಂಡನಿಗೆ ಇಲ್ಲಿ ಪ್ಯಾಂಟು ತೊಳೆಯುವ ಯೂನಿಟ್ಟಿನಲ್ಲಿ ಕೆಲಸ ಸಿಕ್ಕಿತ್ತು, ಅವನ ಹಿಂದೆ ಇವಳೂ ಬಂದಳು. ಕುರಿ ಕಾಯ್ದು ಬೆಳೆದವಳು, ಮಿಷನ್ನು ಮುಟ್ಟಿದವಳಲ್ಲ. ಮೂರೇ ತಿಂಗಳಲ್ಲಿ ನಮ್ಮಲ್ಲಿ ಅತಿ ಕಷ್ಟದ ಕೆಲಸಕ್ಕೆ ಕೂತಳು. ಜೀನ್ಸ್ ಕಾಲಿನ ಒಳಮಗ್ಗುಲಿಗೆ ಎರಡು ಸೂಜಿಯಲ್ಲಿ ಒಟ್ಟಿಗೆ ಜೋಡಿ ಹೊಲಿಗೆ ಹಾಕುವ ಕೆಲಸ ಅದು. ಎರಡು ಕಾಲು ಕೂಡುವ ಕವಲಿನಲ್ಲಿ ಬಟ್ಟೆ ಮಡಿಕೆಯ ಮೇಲೆ ಮಡಿಕೆ ಬಂದು ಹಲಗೆಯ ಹಾಗಾಗುತ್ತದೆ. ಅಲ್ಲಿಗೆ ಬಂದಾಗ ಪೆಡಲಿನಿಂದ ಕಾಲು ಎತ್ತಿ ನಿಧಾನ ಮಾಡಬೇಕು, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ಕೂತ ದಿನವೇ ಹೇಳಿಕೊಡುವ ಮೊದಲ ಪಾಠ ಅದು.

ಅವಳಿಗೂ ಕಿವಿ ಇತ್ತು. ಬೇರೆಯವರು ಮಿಷನ್ನು ನಿಂತ ಮೇಲೆ ನನ್ನನ್ನು ಕರೆಯುತ್ತಿದ್ದರು, ಅವಳು ಸದ್ದು ಬದಲಾದಾಗಲೇ ಕರೆಯುತ್ತಿದ್ದಳು. ಆವತ್ತು ಬೆಳಗ್ಗೆಯೂ ಹಾಗೆಯೇ ಕೈ ಎತ್ತಿದಳು.

"ಕುಂಟ್ ಕುರಿ ನಡ್ದಂಗೆ ಕೇಳ್ತೈತೆ ಕಣಣ್ಣ" ಅಂದಳು.

ಸ್ಕ್ರೂಡ್ರೈವರ್ ಆನಿಸಿ ಕೇಳಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಗರ್ರ್, ಗರ್ರ್, ಟಕ್. ಸೂಜಿ ಹಿಡಿಯುವ ಕಡ್ಡಿ ಒಂದು ಕೂದಲೆಳೆಯಷ್ಟು ಜಾರಿತ್ತು. ಸೂಜಿ ಕೆಳಗಿಳಿದಾಗ, ಒಳಗೆ ದಾರ ಹಿಡಿಯುವ ಕೊಕ್ಕೆಗೆ ಆಗೊಮ್ಮೆ ಈಗೊಮ್ಮೆ ತಾಗುತ್ತಿತ್ತು. ಹಾಗೆಯೇ ಓಡಿಸಿದರೆ ಇವತ್ತಲ್ಲ ನಾಳೆ ಸೂಜಿ ಮುರಿಯುವುದು ಖಂಡಿತ. ಜೇಬಿನಿಂದ ಕೆಂಪು ಬಟ್ಟೆ ತೆಗೆದು ಕಟ್ಟಿದೆ. ಊಟದ ಹೊತ್ತಿಗೆ ಮಾಡಿಕೊಡುತ್ತೇನೆ ಅಂದೆ. ಅವಳು ಪಕ್ಕದಲ್ಲಿ ದಾರ ಕತ್ತರಿಸುವವರ ಜೊತೆ ಹೋಗಿ ಕೂತಳು.

ಇಷ್ಟು ಹೊತ್ತಿಗೆ ರಘು ಬಂದ. ಯೂನಿಟ್ಟಿನ ಮಾಲೀಕರ ತಂಗಿಯ ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನು, ರಜಕ್ಕೆ ಬಂದಿದ್ದ. ಭುಜದವರೆಗೆ ಕೂದಲು ಬಿಟ್ಟಿದ್ದ. ಹೆಂಗಸರು ಮುಸಿಮುಸಿ ನಕ್ಕರೂ ಅವನಿಗೆ ಅದರ ಖಬರಿಲ್ಲ. ಹೆಗಲಿಗೆ ಟೇಪ್ ರೆಕಾರ್ಡರು, ಕೈಯಲ್ಲಿ ಮೈಕು. ಹಿಂದಿನ ಎರಡು ದಿನವೂ ಬಂದು ಮಿಷನ್ನುಗಳ ಸದ್ದು ಹಿಡಿದುಕೊಂಡು ಹೋಗಿದ್ದ. ಯಾಕಪ್ಪಾ ಅಂದರೆ ನಮ್ಮ ನಾಲ್ವರ ತಂಡದ ಹಾಡಿಗೆ ಅಂದ. ಹೊಲಿಗೆ ಮಿಷನ್ನಿಗೂ ಹಾಡಿಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ನಕ್ಕಿದ್ದೆ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟು ವರ್ಷದಲ್ಲಿ ಮಿಷನ್ನಿನ ಸದ್ದಿನ ಬಗ್ಗೆ ನನ್ನನ್ನು ಕೂಡಿಸಿಕೊಂಡು ಕೇಳಿದವನು ಅವನೊಬ್ಬನೇ. ಇದು ಯಾವ ಸದ್ದು, ಇದು ಯಾಕೆ ಹೀಗೆ, ನಿಮಗೆ ಹ್ಯಾಗೆ ಗೊತ್ತಾಗ್ತದ್ರಿ ಅಂತ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ನಮ್ಮ ತಂಡದವರಿಗೂ ಇಂಥ ಕಿವಿ ಇಲ್ಲ ಅಂದ. ನಾನು ಉಬ್ಬಿಹೋದೆ. ಸಾಬರು ಆ ವಾರ ಮಗಳ ಮದುವೆಗೆ ಹೋಗಿದ್ದರು, ಯೂನಿಟ್ಟಿಗೆಲ್ಲ ನಾನೇ ಮೆಕ್ಯಾನಿಕ್ಕು. ಕೆಂಪು ಬಟ್ಟೆ ಕಟ್ಟಿದ ಮಿಷನ್ನು ತೋರಿಸಿ, ಇದರ ರೋಗ ಹೇಗಿದೆ ಕೇಳು ಅಂತ ನಾನೇ ಪೆಡಲ್ ಒತ್ತಿ ಕೇಳಿಸಿದೆ. ಯಾರೂ ಹೇಳದೆ ನಾನೇ ಕೇಳಿಸಿದೆ.

ರಘು ಹಾರಿಬಿದ್ದ. ಇದೇ ಬೇಕಿತ್ತು, ಇದನ್ನೇ ಹುಡುಕುತ್ತಿದ್ದೆ ಅಂದ. ನಾನು ಒತ್ತಿದಾಗ ಮಾತ್ರ ಅವನಿಗೆ ಸಮಾಧಾನವಾಗಲಿಲ್ಲ. ನನ್ನ ಕಾಲಿಗೆ ಆ ಹದ ಇಲ್ಲ, ಸುಮ್ಮನೆ ಗರಗರ ಓಡಿಸುತ್ತೇನೆ. ನಿನ್ನೆ ಆ ಅಕ್ಕ ಹೊಲಿಯುವಾಗ ಕೇಳಿಸಿದ ಲಯವೇ ಬೇರೆ ಇತ್ತು, ಅವಳೇ ಹೊಲಿಯಲಿ ಅಂದ. ಬೇಡ, ಇದು ಕೆಟ್ಟಿದೆ ಅಂದೆ. "ಒಂದೇ ಪ್ಯಾಂಟ್ರಿ, ಐದು ನಿಮಿಷ. ರಿಪೇರಿ ಆದ್ರ ಈ ಸದ್ದು ಹೋಗಿಬಿಡ್ತದಲ್ರಿ" ಅಂತ ಅಂಗಲಾಚಿದ. ಮಾಲೀಕರ ಸೋದರಳಿಯ ಅಂತ ಹೆದರಿ ಒಪ್ಪಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಪತ್ತೆ ಹಚ್ಚಿದ ಸದ್ದು ಟೇಪಿಗೆ ಹೋಗುತ್ತದಲ್ಲ ಅನ್ನುವ ಜಂಬಕ್ಕೆ ಒಪ್ಪಿದೆ.

ಊಟದ ಗಂಟೆ ಹೊಡೆದು ಹೆಂಗಸರು ಎದ್ದು ಹೋದರು. ಬೇರೆ ಮಿಷನ್ನುಗಳೆಲ್ಲ ನಿಂತವು, ಟೇಪಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಾನು ಕೆಂಪು ಬಟ್ಟೆ ಬಿಚ್ಚಿ ಜೇಬಿಗೆ ಇಟ್ಟುಕೊಂಡೆ. ನೀರಿನ ಡ್ರಮ್ಮಿನ ಹತ್ತಿರ ಇದ್ದ ಹನುಮಕ್ಕನನ್ನು ಕರೆದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು.

"ಆಯ್ತಾ ಅಣ್ಣ?" ಅಂದಳು.

"ಆತವ್ವ, ಕೂಡು" ಅಂದೆ.

ಕೂತಳು. ಹೊಲಿಯತೊಡಗಿದಳು. ರಘು ಮೈಕು ಹಿಡಿದು ಬಗ್ಗಿದ. ನಾನು ಟೇಪ್ ರೆಕಾರ್ಡರಿನ ಕೆಂಪು ದೀಪ ನೋಡುತ್ತಾ ನಿಂತಿದ್ದೆ. ಹೊಲಿಗೆ ಕವಲಿಗೆ ಬಂತು. ಸೂಜಿ ಕೊಕ್ಕೆಗೆ ಬಡಿದು ಮುರಿಯಿತು, ಬಟ್ಟೆ ಜಗ್ಗಿತು, ಅದರ ಜೊತೆ ಅವಳ ಎಡಗೈ ತೋರುಬೆರಳು ಒಳಗೆ ಹೋಯಿತು. ಎರಡನೆಯ ಸೂಜಿ ಉಗುರು ತೂರಿ ಮೂಳೆಯಲ್ಲಿ ಮುರಿಯಿತು. ಅವಳು ಕೂಗಿದ್ದು ಒಂದೇ ಸಲ.

ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೀವು ಹಿಡಿದು, ಹದಿನೈದು ದಿನದ ಮೇಲೆ ಎರಡು ಗೆಣ್ಣು ತೆಗೆಯಬೇಕಾಯಿತು. ಬಟ್ಟೆಯನ್ನು ಸೂಜಿಯ ಕಡೆ ನಡೆಸುವುದೇ ಆ ಬೆರಳು. ಅದಿಲ್ಲದೆ ಆ ಹೊಲಿಗೆ ಆಗುವುದಿಲ್ಲ.

ಆ ಸಂಜೆ ಸೂಪರ್‌ವೈಸರು ಏಮೈಂದಿ, ಏನಾಯಿತು ಅಂತ ಕೇಳಿದರು. ನಾನು ಬಾಯಿ ಬಿಡುವ ಮೊದಲೇ, ಕವಲಿನಲ್ಲಿ ನಿಧಾನ ಮಾಡಿರಲಿಕ್ಕಿಲ್ಲ ಅಂತ ಅವರೇ ಅಂದರು. ನಾನು ಸುಮ್ಮನಿದ್ದೆ. ಸಿಕ್ಕ ಚೂರುಗಳನ್ನು ಸೂಜಿ ಪುಸ್ತಕಕ್ಕೆ ಅಂಟಿಸಿ ಅದನ್ನೇ ಬರೆದೆ: ದಪ್ಪ ಜಾಗದಲ್ಲಿ ವೇಗ ಕಡಿಮೆ ಮಾಡಿಲ್ಲ. ಆಮೇಲೆ ಯಾರೂ ನೋಡದ ಹೊತ್ತಲ್ಲಿ ಮಿಷನ್ನು ಬಿಚ್ಚಿ ಕಡ್ಡಿ ಸರಿ ಮಾಡಿದೆ. ಹತ್ತು ನಿಮಿಷದ ಕೆಲಸ ಅದು, ಹತ್ತೇ ನಿಮಿಷ.

ಮದುವೆ ಮುಗಿಸಿ ಬಂದ ಸಾಬರು ಸೂಜಿ ಪುಸ್ತಕ ತೆರೆದು ಕನ್ನಡಕ ಮೇಲೆತ್ತಿ ಆ ಚೂರುಗಳನ್ನು ಬಹಳ ಹೊತ್ತು ನೋಡಿದರು. ಬಟ್ಟೆಗೆ ಮುರಿದ ಸೂಜಿ ಬಾಗಿರುತ್ತದೆ, ಕೊಕ್ಕೆಗೆ ಮುರಿದದ್ದಕ್ಕೆ ಪಕ್ಕದಲ್ಲಿ ಕಚ್ಚು ಬಿದ್ದಿರುತ್ತದೆ. ನನಗೆ ಅದನ್ನು ಕಲಿಸಿದವರೇ ಅವರು.

"ಬಟ್ಟಿಗೆ ಮುರೀತೇನು ನಾಗಪ್ಪ?" ಅಂತ ಕೇಳಿದರು.

ಹೌದ್ರಿ ಅಂದೆ. ಸಾಬರು ಪುಸ್ತಕ ಮುಚ್ಚಿದರು. ಅಲ್ಲಿಯವರೆಗೆ ನನ್ನನ್ನು ಲೇ ಅನ್ನುತ್ತಿದ್ದವರು, ಆಮೇಲೆ ನಿವೃತ್ತಿ ಆಗುವವರೆಗೂ ನಾಗಪ್ಪ ಅಂತಲೇ ಕರೆದರು. ಬೇರೆಯವರಿಗೆ ಅದು ಮರ್ಯಾದೆಯಾಗಿ ಕೇಳಿಸಿರಬೇಕು. ನನಗೆ ಎದೆಯಲ್ಲಿ ಮುಳ್ಳು ಆಡಿಸಿದ ಹಾಗಾಗುತ್ತಿತ್ತು.

ಹನುಮಕ್ಕ ಕೆಲವು ತಿಂಗಳು ದಾರ ಕತ್ತರಿಸುವ ಕಡೆ ಕೂತಳು. ಹೊಸದಾಗಿ ಸೇರಿದವರಿಗೆ ಸೂಪರ್‌ವೈಸರು ಅವಳ ಕೈ ತೋರಿಸಿ, ನಿಧಾನ ಮಾಡದಿದ್ದರೆ ಹೀಗಾಗುತ್ತದೆ ಅಂತ ಪಾಠ ಹೇಳುತ್ತಿದ್ದರು. ಅವಳು ತಲೆ ತಗ್ಗಿಸಿಕೊಂಡು ದಾರ ಕತ್ತರಿಸುತ್ತಿದ್ದಳು. ನಾನು ಆ ಸಾಲಿನ ಕಡೆ ಹೋಗುವುದನ್ನೇ ಬಿಟ್ಟೆ. ಒಂದು ಸೋಮವಾರ ಅವಳು ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ಊರಿಗೆ ಹೋದರು ಅಂತ ಗೊತ್ತಾಯಿತು. ಸಮಾಧಾನವಾಯಿತು ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆವತ್ತು ಆದದ್ದು ಅದೇ.

ಆಮೇಲೆ ಹಾಡು ಕೇಳಿದೆ. ಬಳ್ಳಾರಿಗೆ ಬಿಡಿಭಾಗ ತರಲು ಹೋಗಿದ್ದೆ. ಪಕ್ಕದ ರೆಡಿಮೇಡ್ ಅಂಗಡಿಯಲ್ಲಿ ಜೋರಾಗಿ ಹಾಕಿದ್ದರು. ಗರ್ರ್, ಗರ್ರ್, ಟಕ್. ರಸ್ತೆಯ ಮಧ್ಯದಲ್ಲಿ ನಿಂತುಬಿಟ್ಟೆ, ಹಿಂದಿನಿಂದ ಬಂದ ಆಟೋದವನು ಬೈದು ಹೋದ. ನನ್ನ ರೋಗದ ಮಿಷನ್ನು ಅಂಗಡಿಯ ಸ್ಪೀಕರಿನಲ್ಲಿ ಓಡುತ್ತಿತ್ತು. ಮೌನ ಬಂದು ಡ್ರಮ್ಮು ಬಿತ್ತು. ಅಂಗಡಿಯಲ್ಲಿದ್ದ ಹುಡುಗರು ತಲೆ ಕುಣಿಸುತ್ತಿದ್ದರು.

ಕಾಲ ಬದಲಾಯಿತು. ಗದ್ದಲದ ಹಳೆಯ ಮೋಟಾರು ಹೋಗಿ ಸರ್ವೋ ಮೋಟಾರು ಬಂತು. ಈಗ ಮಿಷನ್ನು ಒಂದು ಚೂರೂ ಸದ್ದು ಮಾಡುವುದಿಲ್ಲ, ರೋಗ ಬಂದರೆ ಪರದೆ ಮೇಲೆ ನಂಬರು ತೋರಿಸುತ್ತದೆ. ಕೆಂಪು ಬಟ್ಟೆಯ ಜಾಗದಲ್ಲಿ ಅಚ್ಚು ಹಾಕಿದ ಕೆಂಪು ಚೀಟಿ ಬಂದಿದೆ. ನನ್ನ ಕಿವಿಯ ಅಗತ್ಯ ಕಡಿಮೆಯಾಗುತ್ತಾ ಬಂದು, ನಿವೃತ್ತಿಯ ಹೊತ್ತಿಗೆ ಅದು ಕನ್ನಡಕ ಸಿಕ್ಕಿಸಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಹೊಸ ವಿಧಾನ ಕೆಟ್ಟದ್ದು ಅನ್ನುವ ಮುದುಕ ನಾನಲ್ಲ. ಎಷ್ಟೋ ಬೆರಳು ಉಳಿದಿವೆ ಅದರಿಂದ.

ಹೋದ ವರ್ಷ ರಘು ಫೋನ್ ಮಾಡಿದ. ಹಾಡಿನ ಹಿನ್ನೆಲೆ ಬಗ್ಗೆ ವೀಡಿಯೊ ಮಾಡುತ್ತಿದ್ದಾರೆ, ರಾಯದುರ್ಗಕ್ಕೇ ಬರುತ್ತೇವೆ, ನೀವು ಮಾತಾಡಬೇಕು ಅಂದ. ಅವನಿಗೂ ಐವತ್ತು ದಾಟಿತ್ತು, ದನಿ ದಪ್ಪಗಾಗಿತ್ತು. ಆಮೇಲೆ ಅವನೇ ಇನ್ನೊಂದು ಮಾತು ಹೇಳಿದ. ಟೇಪಿನಲ್ಲಿ ಆ ಅಕ್ಕನ ಕೂಗೂ ಇತ್ತಂತೆ. ಅದನ್ನು ಕತ್ತರಿಸಿ, ಆ ಜಾಗಕ್ಕೆ ಡ್ರಮ್ಮು ಇಟ್ಟನಂತೆ.

"ಪ್ರತಿ ಸಲ ಆ ಹಾಡು ನುಡಿಸುವಾಗಲೂ ನನಗೆ ಡ್ರಮ್ಮು ಕೇಳಂಗಿಲ್ರಿ, ಅಕ್ಕನ ಕೂಗೇ ಕೇಳ್ತದ" ಅಂದ.

ಎಲ್ಲ ನನ್ನ ತಲೆಗೇ ಕಟ್ಟಿಕೊಂಡಿದ್ದೆ, ಅವನೂ ಅಷ್ಟೇ ವರ್ಷ ಹೊತ್ತಿದ್ದ. ಹನುಮಕ್ಕನನ್ನು ಕಂಡು ಬರುವವರೆಗೆ ನಾನು ಯಾವ ಕ್ಯಾಮೆರಾ ಮುಂದೆಯೂ ಕೂಡುವುದಿಲ್ಲ ಅಂದೆ. ಅವನು, ಸರಿ, ನಾನೂ ಕಾಯುತ್ತೇನೆ ಅಂದ.

ಬಸ್ಸು ಬದಲಿಸಿ ಮಡಕಶಿರಾ, ಅಲ್ಲಿಂದ ಗುಡಿಬಂಡೆ, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿದೆ. ಆಟೋದವನೇ ಮನೆ ತೋರಿಸಿದ. ಹನುಮಕ್ಕ ಪಡಸಾಲೆಯಲ್ಲಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಎಡಗೈಯ ಮೂರು ಬೆರಳಲ್ಲೇ ಸೊಪ್ಪು ಒತ್ತಿ ಹಿಡಿದು ಚಕಚಕ ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟು, ಮೆಕ್ಯಾನಿಕ್ ಅಣ್ಣ ಅಲ್ವಾ ಅಂದಳು. ಅಷ್ಟು ಬೇಗ ಗುರುತು ಹಿಡಿದಳಲ್ಲ ಅಂತ ಅಳು ಬಂತು. ಸೊಸೆ ಲತಾ ಚಾಪೆ ಹಾಸಿ ಮಜ್ಜಿಗೆ ತಂದಳು. ಲತಾ ಡಿಗ್ರಿ ಓದಿದವಳು, ಊರಿನ ಶಾಲೆಯಲ್ಲಿ ಪಾಠ ಹೇಳುತ್ತಾಳೆ.

ಬಾಯಿಪಾಠ ಮಾಡಿದ್ದು ಒಂದೂ ಬಾಯಿಗೆ ಬರಲಿಲ್ಲ. ಸುಮ್ಮನೆ ಫೋನ್ ತೆಗೆದು ಹಾಡು ಹಾಕಿದೆ. ಮೂರನೆಯ ಟಕ್ ಬರುವಷ್ಟರಲ್ಲಿ ಅವಳು ತಲೆ ಎತ್ತಿದಳು. ಇದು ನನ್ನ ಮಿಷನ್ನು ಅಂದಳು. ಡ್ರಮ್ಮು, ಗಿಟಾರು, ಕೂಗಾಟ ಎಲ್ಲವನ್ನೂ ಕೊನೆಯವರೆಗೆ ಕೇಳಿದಳು. ಏನಂತ ಕೂಗ್ತಾವ್ರೆ ಅಂತ ಸೊಸೆಯನ್ನು ಕೇಳಿದಳು. ಲತಾ ಇನ್ನೊಂದು ಸಲ ಹಾಕಿಸಿಕೊಂಡು ಕೇಳಿ, ನಿಲ್ಲಿಸಬೇಡ, ಮಿಷನ್ನು ನಿಲ್ಲಿಸಬೇಡ ಅಂತಾರೆ ಅತ್ತೆ ಅಂದಳು. ಹನುಮಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಆಗ ಹೇಳಿದೆ. ಕಡ್ಡಿ ಜಾರಿದ್ದು ನನಗೆ ಗೊತ್ತಿತ್ತು, ಸರಿ ಮಾಡದೆ ಕೆಂಪು ಬಟ್ಟೆ ಬಿಚ್ಚಿದೆ, ಪುಸ್ತಕದಲ್ಲಿ ನಿನ್ನ ತಪ್ಪು ಅಂತ ಬರೆದೆ. ಕೈ ಮುಗಿದೆ. ಲತಾ ಮುಖ ಬಿಗಿದುಕೊಂಡು ಎದ್ದು ಒಳಗೆ ಹೋದಳು. ಹನುಮಕ್ಕ ಒಂದು ಎಲೆ ತೆಗೆದುಕೊಂಡು ಅದರ ನಾರು ಬಿಡಿಸುತ್ತಾ ಕೂತಳು.

"ನನಗೆ ಗೊತ್ತಿತ್ತು ಕಣಣ್ಣ. ನೀರಿನ ಡ್ರಮ್ ತಾವ್ಲಿಂದ ನೋಡ್ತಿದ್ದೆ. ನೀವು ಸ್ಪ್ಯಾನರ್ ಮುಟ್ನೇ ಇಲ್ಲ, ಕೆಂಪ್ ಬಟ್ಟೆ ಬಿಚ್ಚಿದ್ರಿ" ಅಂದಳು.

ಗೊತ್ತಿದ್ದರೆ ಯಾಕೆ ಕೂತೆ ತಾಯಿ ಅಂತ ಕೇಳಿದೆ.

"ಆತವ್ವ ಕೂಡು ಅಂದ್ರಲ್ಲ. ನಿಮಗಿಂತ ನನಗೆ ಜಾಸ್ತಿ ಗೊತ್ತಾ ಅನ್ಕೊಂಡು ಕೂತೆ."

ಬೆರಳಿನ ಬಗ್ಗೆ ಅವಳು ಮಾತೇ ಆಡಲಿಲ್ಲ. ಅವಳಿಗೆ ನೋವಾಗಿದ್ದು ಬೇರೆಯದಕ್ಕೆ. ನಿಧಾನ ಮಾಡದವಳು ಅಂತ ಅಷ್ಟು ಜನರ ಮುಂದೆ ಅವಳ ಕೈ ಹಿಡಿದೆತ್ತಿ ತೋರಿಸಿದ್ದಕ್ಕೆ. ಗಂಡ ಕೂಡ ಊರಿಗೆ ಬಂದ ಮೇಲೆ, ಒಂದು ನಿಮಿಷ ಕಾಲು ಎತ್ತಿದ್ದರೆ ರಾಯದುರ್ಗದಲ್ಲೇ ಇರುತ್ತಿದ್ದೆವು ಅಂತ ಸಾಯುವವರೆಗೂ ಅನ್ನುತ್ತಿದ್ದನಂತೆ. ಅವನಿಗೆ ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲವಂತೆ.

"ನಾನು ನಿದಾನ ಮಾಡಿದ್ದೆ. ಕವ್ಲು ತಾವ ಕಾಲೆತ್ತಿದ್ದೆ. ಇನ್ನೊಂದ್ ಕಿತ ಹಾಕಿ ಕೇಳಿ, ಹಾಡ್ನಾಗೇ ಐತೆ" ಅಂದಳು.

ಹಾಕಿದೆ. ಈ ಸಲ ಫೋನನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಸಾಬರ ಹಾಗೆ ಕಣ್ಣು ಮುಚ್ಚಿದೆ. ನೂರು ಸಲ ಕೇಳಿದ್ದ ಹಾಡು. ನೂರು ಸಲವೂ ಆ ಟಕ್ ಅನ್ನುವುದನ್ನು ಬಿಟ್ಟು, ನನ್ನ ತಪ್ಪನ್ನು ಬಿಟ್ಟು ಬೇರೇನನ್ನೂ ನಾನು ಕೇಳಿರಲಿಲ್ಲ. ಈಗ ಕೇಳಿಸಿತು. ಗರ್ರ್, ಗರ್ರ್, ಟಕ್. ಗರ್ರ್, ಗರ್ರ್, ಟಕ್. ಆಮೇಲೆ ಮೋಟಾರಿನ ದನಿ ಇಳಿಯುತ್ತದೆ. ಅವಳ ಕಾಲು ಮೇಲೇಳುತ್ತಿದೆ. ಸೂಜಿ ಒಂದೊಂದಾಗಿ, ಎಣಿಸುವಷ್ಟು ನಿಧಾನವಾಗಿ ಇಳಿಯುತ್ತದೆ. ಟಕ್. ಟಕ್. ಟಕ್. ಆಮೇಲೆ ಪೂರ್ತಿ ನಿಲ್ಲುತ್ತದೆ. ಸಾವಿರ ಜನ ಕೈ ಎತ್ತಿಕೊಂಡು ಕಾಯುವ ಆ ಮೌನ ಯಾವ ಸಂಗೀತಗಾರನೂ ಮಾಡಿದ್ದಲ್ಲ. ದಪ್ಪ ಜಾಗ ಬಂತು ಅಂತ ಹನುಮಕ್ಕ ಕಾಲು ಎತ್ತಿ ಮಿಷನ್ನು ನಿಲ್ಲಿಸಿ, ಬಟ್ಟೆ ಸರಿ ಮಾಡಿಕೊಂಡ ಹೊತ್ತು ಅದು. ಅವಳು ಮತ್ತೆ ಪೆಡಲ್ ಒತ್ತಿದಾಗಲೇ ಸೂಜಿ ಮುರಿದದ್ದು. ಮೊದಲ ಪಾಠದಲ್ಲಿ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದ್ದಳು.

ಬಾಗಿಲ ಹತ್ತಿರ ಲತಾ ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ಅತ್ತೆಯನ್ನೇ ನೋಡುತ್ತಿದ್ದಳು.

ಹೊರಡುವಾಗ, ಆವತ್ತು ಮೈಕು ಹಿಡಿದಿದ್ದ ರಘು ರಾಯದುರ್ಗಕ್ಕೆ ಬರುತ್ತಾನಂತೆ, ವೀಡಿಯೊದಲ್ಲಿ ಏನು ಹೇಳಲಿ ಅಂತ ಕೇಳಿದೆ. ಹನುಮಕ್ಕ ಮತ್ತೆ ಕುಡುಗೋಲು ಕೈಗೆ ತೆಗೆದುಕೊಂಡಿದ್ದಳು. ಬೆರಳಿನ ಮಾತು ಬೇಡ, ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಬೇಡ ಅಂದಳು.

"ಅವಳು ನಿದಾನ ಮಾಡಿದ್ಲು ಅಂತ ಹೇಳಿ. ಅಷ್ಟೇ ಸಾಕು."

ಯೂನಿಟ್ಟಿನ ಉಗ್ರಾಣದಲ್ಲಿ ಹಳೆಯ ಸೂಜಿ ಪುಸ್ತಕಗಳನ್ನು ಇನ್ನೂ ಇಟ್ಟಿದ್ದಾರೆ. ಊರಿಗೆ ಬಂದವನೇ ಹೋಗಿ ಆ ಹಾಳೆ ಹುಡುಕಿಸಿದೆ. ಟೇಪು ಹಳದಿಯಾಗಿ ಸೂಜಿಯ ಚೂರು ತುಕ್ಕು ಹಿಡಿದಿದೆ, ಪಕ್ಕದ ಕಚ್ಚು ಹಾಗೇ ಇದೆ. ನಾನು ಬರೆದಿದ್ದ ಸಾಲು ಹೊಡೆದುಹಾಕಿ, ಕೆಳಗೆ ಸರಿಯಾದದ್ದು ಬರೆದು ಸಹಿ ಮಾಡಿದೆ. ಉಗ್ರಾಣದವನಿಗೆ ನನಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ವೀಡಿಯೊದಲ್ಲಿಯೂ ಅದನ್ನೇ ಹೇಳಿದೆ, ರಘು ಪಕ್ಕದಲ್ಲಿ ಕೂತು ತಲೆಯಾಡಿಸಿದ.

ಈಗ ಕೆಲಸಕ್ಕೆ ಸೇರುವವರೇ, ಇನ್ನು ಮುಂದೆ ಟೀ ಅಂಗಡಿಯಲ್ಲಿ ಸಿಕ್ಕಾಗ ಆ ಮಿಷನ್ನು ನಿಮ್ಮದಾ ಅಂತ ನನ್ನನ್ನು ಕೇಳಬೇಡಿ. ಮಿಷನ್ನು ಹನುಮಕ್ಕನದು. ಅವಳು ನಿಧಾನ ಮಾಡಿದ್ದಳು.